ನಶೆ ಬಿಡಿಸುವುದು, ಕಾಯ್ದೆ, ಮುಕ್ತ ಮಾರಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ನಶೆಯ ವಿಷಯದಲ್ಲಿ ಏನೇ ಸಂಶಯವಿದ್ದರೂ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಮುಂಬೈ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಎಂಟನ್ನು ಆರಿಸಿದ್ದೇವೆ. ಹೆಸರು ತೆಗೆದು ಊರಷ್ಟೇ ಉಳಿಸಿದ್ದೇವೆ. ಉತ್ತರ ಕೊಟ್ಟವರು ವ್ಯಸನ ಚಿಕಿತ್ಸೆಯ ಮನೋವೈದ್ಯರೊಬ್ಬರು ಮತ್ತು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯ್ದೆಯ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರು. ಒಂದು ಪ್ರಶ್ನೆಯಲ್ಲಿ ಇಬ್ಬರ ಅಭಿಪ್ರಾಯವೂ ಕೂಡಿಬರಲಿಲ್ಲ, ಎರಡನ್ನೂ ಹಾಗೆಯೇ ಕೊಟ್ಟಿದ್ದೇವೆ. ಔಷಧಿಯ ಪ್ರಮಾಣಗಳು ತಿಳಿದುಕೊಳ್ಳಲಿಕ್ಕೆ ಮಾತ್ರ, ಮನೆಯಲ್ಲಿ ಕೊಡಲಿಕ್ಕಲ್ಲ.

ಪ್ರಶ್ನೆ: ಮಗನಿಗೆ 23 ವರ್ಷ. ಎರಡು ವರ್ಷದಿಂದ ಬ್ರೌನ್ ಶುಗರ್ ಪನ್ನಿಯ ಮೇಲೆ ಹಾಕಿ ಸೇದುತ್ತಾನೆ, ದಿನಕ್ಕೆ ಮೂರು ನಾಲ್ಕು ಪುಡಿ. ಈಗ ತಾನಾಗಿಯೇ ಬಂದು, "ಅಮ್ಮ, ನಾಲ್ಕು ದಿನ ಕೋಣೆಗೆ ಹಾಕಿ ಬೀಗ ಜಡಿ, ಎಷ್ಟು ಕೂಗಿದರೂ ತೆಗೀಬೇಡ" ಎನ್ನುತ್ತಾನೆ. ಅವರಪ್ಪ ಹೂಂ ಎಂದಿದ್ದಾರೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತದೆಂಬ ಹೆದರಿಕೆ. ಏನು ಮಾಡಲಿ? (ತಾಯಿ, ಡೊಂಬಿವಲಿ)

ವೈದ್ಯರು: ಬೀಗ ಬೇಡ, ಅಮ್ಮ. ಬಿಡಬೇಕೆಂದು ಅವನೇ ಬಂದು ಕೇಳಿದ್ದಾನಲ್ಲ, ಅದು ದೊಡ್ಡದು. ಆದರೆ ನಾಲ್ಕು ದಿನದ ಲೆಕ್ಕ ಸರಿಯಲ್ಲ.

ಬ್ರೌನ್ ಶುಗರ್ ಎಂದರೆ ಕಲಬೆರಕೆಯ ಹೆರಾಯಿನ್. ಕೊನೆಯ ಸಲ ಸೇದಿ 8ರಿಂದ 12 ಗಂಟೆಗೆ ಆಕಳಿಕೆ ಶುರುವಾಗುತ್ತದೆ, ಮೂಗು ಕಣ್ಣಲ್ಲಿ ನೀರು ಸುರಿಯುತ್ತದೆ, ಮೈಮೇಲಿನ ರೋಮ ನಿಲ್ಲುತ್ತದೆ. ಆಮೇಲೆ ಹೊಟ್ಟೆನುಲಿತ, ಭೇದಿ, ವಾಂತಿ, ಕೈಕಾಲು ಸೆಳೆತ. ಸೇದುವವರು ಇದನ್ನೇ 'ಟರ್ಕಿ' ಎನ್ನುವುದು. ಎರಡನೇ ಮೂರನೇ ದಿನ ಅದರ ಜೋರು ಹೆಚ್ಚು, ಐದರಿಂದ ಏಳನೇ ದಿನಕ್ಕೆ ಮೈಯ ನೋವು ಇಳಿಯುತ್ತದೆ. ನಿದ್ದೆಗೇಡು ಮತ್ತು ಸೇದಬೇಕೆನ್ನುವ ಸೆಳೆತ ಮಾತ್ರ ವಾರಗಟ್ಟಲೆ ಉಳಿಯುತ್ತವೆ. ಅಂದರೆ ನಾಲ್ಕನೇ ದಿನ ನೀವು ಬೀಗ ತೆಗೆಯುವಾಗ ಅವನಿಗೆ ನೋವು ಕಡಿಮೆಯಾಗಿರುತ್ತದೆ, ಸೆಳೆತ ಹಾಗೇ ಇರುತ್ತದೆ.

ಅಪಾಯ ಇರುವುದು ಅಲ್ಲೇ. ಕೆಲವು ದಿನ ಬಿಟ್ಟ ಮೈ, ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹುಡುಗ ಹೊರಗೆ ಹೋಗಿ ಮೊದಲಿನಂತೆ ನಾಲ್ಕು ಪುಡಿ ಸೇದಿದರೆ ಉಸಿರೇ ನಿಲ್ಲಬಹುದು. ಜೈಲಿನಿಂದ ಬಂದವರು, 'ಬಿಡಿಸುವ ಕೇಂದ್ರ'ದಿಂದ ಬಂದವರು ಮೊದಲ ವಾರಗಳಲ್ಲೇ ಸಾಯುವುದಕ್ಕೆ ಇದು ಮುಖ್ಯ ಕಾರಣ. ಬೀಗ ಹಾಕಿದ ಕೋಣೆಯಲ್ಲಿ ಭೇದಿ ವಾಂತಿಯಿಂದ ನೀರಿನಂಶ ಬತ್ತುವುದು, ತಡೆಯಲಾರದೆ ಕಿಟಕಿಯಿಂದ ಇಳಿಯಲು ಹೋಗುವುದು, ಇವೂ ಸೇರಿಕೊಳ್ಳುತ್ತವೆ. ಇನ್ನೊಂದನ್ನು ಕೇಳಿ ತಿಳಿದುಕೊಳ್ಳಿ: ಪುಡಿ ಸಿಗದ ದಿನ ಅವನು 'ಬಟನ್', ಅಂದರೆ ನೈಟ್ರಾಜೆಪಾಮ್, ಆಲ್ಪ್ರಾಜೋಲಾಮ್‌ನಂಥ ನಿದ್ದೆಮಾತ್ರೆ ನುಂಗುತ್ತಾನೆಯೇ? ನುಂಗುತ್ತಿದ್ದರೆ ಅವನ್ನು ಒಮ್ಮೆಲೇ ನಿಲ್ಲಿಸಿದಾಗ ಫಿಟ್ಸ್ ಬರಬಹುದು. ವೈದ್ಯರಿಗೆ ಇದನ್ನು ಮೊದಲೇ ಹೇಳಬೇಕು.

ಚಿಕಿತ್ಸೆ ಹೀಗಿರುತ್ತದೆ. ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡುತ್ತಾರೆ. ಹೆಚ್ಚಿನ ಕಡೆ ಸಿಗುವುದು 2 ಮಿಲಿಗ್ರಾಂ ಬ್ಯುಪ್ರೆನಾರ್ಫಿನ್ ಜೊತೆ 0.5 ಮಿಲಿಗ್ರಾಂ ನಲಾಕ್ಸೋನ್ (ಹೆರಾಯಿನ್‌ನಂಥವುಗಳ ಪರಿಣಾಮ ತಡೆಯುವ ಔಷಧ) ಸೇರಿದ್ದು. ಅದು ಕರಗಲು ಐದು ಹತ್ತು ನಿಮಿಷ ಬೇಕು, ಆವರೆಗೆ ಚಹಾ ನೀರು ಏನೂ ಕೂಡದು. ನುಂಗಿಬಿಟ್ಟರೆ ಯಕೃತ್ತು ಅದರ ಬಹುಪಾಲನ್ನು ಒಡೆದುಹಾಕುತ್ತದೆ, 'ಮಾತ್ರೆ ಹತ್ತಲಿಲ್ಲ' ಎಂಬ ದೂರು ಬರುವುದು ಹಾಗೆ. ಮೊದಲ ಮಾತ್ರೆಯನ್ನು ಟರ್ಕಿ ಸ್ಪಷ್ಟವಾಗಿ ಕಾಣಿಸಿಕೊಂಡ ಮೇಲೆಯೇ, ಸುಮಾರು 12 ಗಂಟೆ ಕಳೆದು ಕೊಡಬೇಕು. ಬೆಳಿಗ್ಗೆ ಸೇದಿ ಬಂದು, ಸೇದಿಲ್ಲವೆಂದು ಸುಳ್ಳು ಹೇಳಿ ಮಾತ್ರೆ ತೆಗೆದುಕೊಂಡರೆ ಅದು ಹೆರಾಯಿನ್ನನ್ನು ಅದರ ಜಾಗದಿಂದ ತಳ್ಳಿ ತಾನು ಕೂರುತ್ತದೆ. ಅರ್ಧ ಗಂಟೆಯಲ್ಲಿ ಭಯಂಕರ ಟರ್ಕಿ. ಅಂಥವನು ಮತ್ತೆ ಆ ಮಾತ್ರೆಯನ್ನು ನಂಬುವುದಿಲ್ಲ. ಮೊದಲ ದಿನ 2 ಮಿಲಿಗ್ರಾಂ ಕೊಟ್ಟು, ಒಂದೆರಡು ಗಂಟೆ ನೋಡಿ, ಬೇಕಾದರೆ ಇನ್ನೊಂದು. ಕೆಲವು ದಿನಗಳಲ್ಲಿ ಹೆಚ್ಚಿನವರು 6ರಿಂದ 8 ಮಿಲಿಗ್ರಾಂನಲ್ಲಿ ನೆಲೆ ನಿಲ್ಲುತ್ತಾರೆ. ಇದು ಬೀದಿಯ ಮೆಡಿಕಲ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಮಾನ್ಯತೆ ಇರುವ ವ್ಯಸನಮುಕ್ತಿ ಕೇಂದ್ರ ಅಥವಾ ಆಸ್ಪತ್ರೆಯಲ್ಲಿ ಮಾತ್ರ.

ಎಷ್ಟು ಕಾಲ? ಮನೆಯವರು ಹದಿನೈದು ದಿನ ಎಂದುಕೊಂಡಿರುತ್ತಾರೆ. ಹಲವರಿಗೆ ಒಂದು ವರ್ಷಕ್ಕೂ ಮೇಲೆ ಬೇಕು. 'ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸಿದರು' ಎಂದು ನೆಂಟರು ಹೇಳುತ್ತಾರೆ, ಹೇಳಲಿ. ಮಾತ್ರೆ ತೆಗೆದುಕೊಂಡವನು ಬೆಳಿಗ್ಗೆ 7.40ರ ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತಾನೆ, ಪುಡಿ ಸೇದಿದವನು ಹೋಗುವುದಿಲ್ಲ. ಮಲಬದ್ಧತೆ ಸಾಮಾನ್ಯ, ಅದಕ್ಕೆ ಉಪಾಯವಿದೆ. ಮೊದಲ ಭೇಟಿಯಲ್ಲೇ ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕಾದ್ದು: ಅವನು ಎಬ್ಬಿಸಿದರೂ ಏಳದೆ, ಗೊರಗೊರ ಸದ್ದಿನ ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾಗಿ, ತುಟಿ ನೀಲಿಯಾಗಿ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದು ಅತಿಪ್ರಮಾಣ. 108ಕ್ಕೆ ಫೋನ್ ಮಾಡಿ, ಉಸಿರಿದ್ದರೆ ಎಡಮಗ್ಗುಲಿಗೆ ಮಲಗಿಸಿ, ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಹಾಲು, ಉಪ್ಪುನೀರು ಕುಡಿಸುವುದು, ತಣ್ಣೀರು ಸುರಿಯುವುದು ಬೇಡವೇ ಬೇಡ. ಆಂಬುಲೆನ್ಸಿನವರಿಗೆ 'ಬ್ರೌನ್ ಶುಗರ್' ಎಂದು ಬಾಯಿಬಿಟ್ಟು ಹೇಳಿ. ನಲಾಕ್ಸೋನ್ ಚುಚ್ಚುಮದ್ದು 0.4 ಮಿಲಿಗ್ರಾಂ ಕೊಟ್ಟ ಕೆಲವೇ ನಿಮಿಷದಲ್ಲಿ ಅವನು ಕಣ್ಣು ಬಿಡಬಹುದು. ಆದರೆ ಅದರ ಪರಿಣಾಮ 30ರಿಂದ 90 ನಿಮಿಷ ಮಾತ್ರ, ಮತ್ತೆ ಉಸಿರು ಕುಸಿಯಬಹುದು. ಎದ್ದು ಕೂತನೆಂದು ಮನೆಗೆ ಕರೆತರಬೇಡಿ.

ಪೊಲೀಸರ ಮಾತು: ಚಿಕಿತ್ಸೆಯ ವಿವರ ಗೋಪ್ಯವಾಗಿಡಬೇಕೆಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡನೆಯದರಲ್ಲಿ ಕನ್ನಡವೂ ಇದೆ.

ಪ್ರಶ್ನೆ: ಯಜಮಾನರು ದಿನಕ್ಕೆ ಮೂರು ಕ್ವಾರ್ಟರ್ ವಿಸ್ಕಿ ಕುಡಿಯುತ್ತಾರೆ. ಅವರಿಗೆ ಗೊತ್ತಾಗದಂತೆ ಸಾರಿಗೆ ಹಾಕಿದರೆ ಕುಡಿತ ಬಿಡುತ್ತಾರೆಂದು ಒಬ್ಬರು ಪುಡಿ ಮಾರುತ್ತಿದ್ದಾರೆ. ಹಾಕಬಹುದೇ? (ಗೃಹಿಣಿ, ಹಡಪ್ಸರ್, ಪುಣೆ)

ವೈದ್ಯರು: ಹಾಕಬೇಡಿ. ಇಂಥ ಪುಡಿಗಳಲ್ಲಿ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಕೆಲವರು ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಹಾಕುವ ಸಲಹೆ ಕೊಡುತ್ತಾರೆ. ಆ ಮಾತ್ರೆ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದವನು ಅಲ್ಲೇ ಹೋಗಬಹುದು. ಮೇಲಾಗಿ ಅದು ಕುಡಿಯುವ ಆಸೆಯನ್ನು ಕಡಿಮೆ ಮಾಡುವ ಔಷಧವೇ ಅಲ್ಲ. 'ಇವತ್ತು ಮಾತ್ರೆ ನುಂಗಿದ್ದೇನೆ, ಕುಡಿದರೆ ಕೆಡುತ್ತದೆ' ಎಂಬ ತಿಳಿವಳಿಕೆಯಿಂದಷ್ಟೇ ಅದು ಕೆಲಸ ಮಾಡುತ್ತದೆ. ಗೊತ್ತಿಲ್ಲದವನಿಗೆ ಕೊಟ್ಟರೆ ಔಷಧ ಹೋಗಿ ವಿಷ ಉಳಿಯುತ್ತದೆ. ಅವರೇ ಒಪ್ಪಿ, ಇಸಿಜಿ ಮತ್ತು ಲಿವರ್ ಪರೀಕ್ಷೆ ಮಾಡಿಸಿ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ ದಿನಕ್ಕೆ 250 ಮಿಲಿಗ್ರಾಂ ತೆಗೆದುಕೊಂಡರೆ ಅದು ಬೇರೆ ಮಾತು. ಆಗಲೂ ಮಾತ್ರೆ ನಿಲ್ಲಿಸಿದ ಹದಿನಾಲ್ಕು ದಿನದವರೆಗೆ ಮದ್ಯ ತಾಗಬಾರದು. ದಶಮೂಲಾರಿಷ್ಟ, ದ್ರಾಕ್ಷಾಸವ, ಕೆಲವು ಕೆಮ್ಮಿನ ಸಿರಪ್, ಗಡ್ಡಕ್ಕೆ ಹಚ್ಚುವ ಲೋಷನ್ ಎಲ್ಲದರಲ್ಲೂ ಮದ್ಯಾಂಶವಿದೆ.

ಈಗ ಲೆಕ್ಕ. ಒಂದು ಕ್ವಾರ್ಟರ್ ಎಂದರೆ 180 ಮಿಲಿ, ಬಾಟಲಿಯ ಮೇಲೆ 42.8 ಶೇಕಡಾ ಎಂದಿರುತ್ತದೆ. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 61 ಗ್ರಾಂ, ಮೂರಕ್ಕೆ 180 ಗ್ರಾಂ ದಾಟಿತು. ಇಷ್ಟು ಕುಡಿಯುವವರು ದೇವರ ಮುಂದೆ ಆಣೆ ಮಾಡಿ ಒಂದೇ ದಿನ ನಿಲ್ಲಿಸುವುದು ಕುಡಿಯುವುದಕ್ಕಿಂತ ಅಪಾಯ. 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಸನ್ನಿ: ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇರುವ ಜಾಗ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾಯುವವರಿದ್ದಾರೆ. ಬ್ರೌನ್ ಶುಗರಿನ ಟರ್ಕಿ ನೋಡಲು ಭೀಕರ, ಕುಡಿತದ್ದು ಕೊಲ್ಲುವಂಥದ್ದು. ಜನ ಇದನ್ನು ತಿರುವುಮುರುವಾಗಿ ತಿಳಿದಿರುತ್ತಾರೆ.

ಆದ್ದರಿಂದ ಮೊದಲು ಸಸೂನ್ ಅಥವಾ ಯಾವುದೇ ದೊಡ್ಡ ಆಸ್ಪತ್ರೆಯ ಮನೋವೈದ್ಯ ವಿಭಾಗದ ಒಪಿಡಿ. ಹೋಗುವವರೆಗಿನ ಒಂದೆರಡು ದಿನ ಮೂರು ಕ್ವಾರ್ಟರನ್ನು ಎರಡೂವರೆಗೆ ಇಳಿಸಲಿ, ಸೊನ್ನೆಗಲ್ಲ. ಹಿಂದೆ ಫಿಟ್ಸ್ ಬಂದಿದ್ದರೆ ಇಳಿಸುವ ಪ್ರಯೋಗವೂ ಬೇಡ, ದಾಖಲಾಗಲಿ. ಅಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಐದರಿಂದ ಏಳು ದಿನ ಕೊಡುತ್ತಾರೆ, ಲಿವರ್ ಕೆಟ್ಟಿದ್ದರೆ ಅದರ ಬದಲು ಲೊರಾಜೆಪಾಮ್. ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಡಲೇಬೇಕು. ಗಲ್ಲಿಯ ಕ್ಲಿನಿಕ್ಕಿನಲ್ಲಿ 'ಶಕ್ತಿಗೆ' ಎಂದು ಮೊದಲು ಗ್ಲುಕೋಸ್ ಬಾಟಲಿ ಏರಿಸುವುದುಂಟು. ಉಳಿದಿದ್ದ ಚೂರು ಥಯಾಮಿನ್ ಅದನ್ನು ಅರಗಿಸಲು ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು, ಕಣ್ಣು ಓರೆಯಾಗಿ ನಡಿಗೆ ತಪ್ಪಬಹುದು. ಥಯಾಮಿನ್ ಮೊದಲು, ಗ್ಲುಕೋಸ್ ಆಮೇಲೆ ಎಂದು ನೀವೇ ನೆನಪಿಸಿದರೂ ತಪ್ಪಿಲ್ಲ.

ಪುಣೆಯಲ್ಲೇ ಇರುವುದರಿಂದ ಮುಕ್ತಾಂಗಣವೂ ಹತ್ತಿರ. ಡಾ. ಅನಿಲ್ ಮತ್ತು ಡಾ. ಸುನಂದಾ ಅವಚಟ್ ದಂಪತಿ 1986ರಲ್ಲಿ ಕಟ್ಟಿದ ವ್ಯಸನಮುಕ್ತಿ ಸಂಸ್ಥೆ. ಯಜಮಾನರು ಬರಲೊಪ್ಪದಿದ್ದರೂ ನೀವೊಬ್ಬರೇ ಹೋಗಿ ಮಾತಾಡಬಹುದು.

ಪ್ರಶ್ನೆ: ಫ್ಲಾಟಿನಲ್ಲಿ ನಾಲ್ಕು ಜನ ಇದ್ದೇವೆ. ರೂಮ್‌ಮೇಟ್ ಗಾಂಜಾ ತಂದಿಡುತ್ತಾನೆ, ಎಂಟು ಹತ್ತು ಗ್ರಾಂ. 'ಒಂದು ಕೆ.ಜಿ.ವರೆಗೆ ಏನೂ ಆಗಲ್ಲ' ಎನ್ನುತ್ತಾನೆ. ನಿಜವೇ? (ವಿದ್ಯಾರ್ಥಿ, ಕೋಥ್ರೂಡ್, ಪುಣೆ)

ವಕೀಲರು: ಸುಳ್ಳು. ಆದರೆ ಈ ಸುಳ್ಳು ಎಲ್ಲಿಂದ ಹುಟ್ಟಿತೆಂದು ಹೇಳಬಹುದು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ನಿರ್ಧಾರವಾಗುವುದು ತೂಕದ ಮೇಲೆ: ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ನಡುವಿನದು. ಗಾಂಜಾಕ್ಕೆ ಅಲ್ಪ ಎಂದರೆ 1 ಕೆ.ಜಿ., ವಾಣಿಜ್ಯ 20 ಕೆ.ಜಿ. ಚರಸ್ಸಿಗೆ 100 ಗ್ರಾಂ, 1 ಕೆ.ಜಿ. ಹೆರಾಯಿನ್‌ಗೆ 5 ಗ್ರಾಂ, 250 ಗ್ರಾಂ. ಕೊಕೇನ್‌ಗೆ 2 ಗ್ರಾಂ, 100 ಗ್ರಾಂ. ಅಲ್ಪ ಪ್ರಮಾಣ ಎಂದರೆ ಶಿಕ್ಷೆ ಅಲ್ಪ, ಮಾಫಿಯಲ್ಲ. ಗಾಂಜಾ ಅಷ್ಟು ಇಟ್ಟುಕೊಂಡರೂ ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದಿದ್ದಕ್ಕೆ 27ನೇ ಕಲಮಿನಲ್ಲಿ ಬೇರೆಯೇ ಆರು ತಿಂಗಳವರೆಗೆ ಸಜೆ. ಬಾಂಬೆ ಹೈಕೋರ್ಟ್ 2020ರ ತೀರ್ಪೊಂದರಲ್ಲಿ ಈ ಕಾಯ್ದೆಯ ಅಪರಾಧಗಳೆಲ್ಲ ಜಾಮೀನುರಹಿತ ಎಂದಿದೆ. ಹಾಗಾಗಿ ಎಂಟು ಗ್ರಾಂ ಆದರೂ ಠಾಣೆಯಲ್ಲೇ ಬಿಡುತ್ತಾರೆಂದು ನಂಬಿ ಕೂರುವಂತಿಲ್ಲ, ಕೋರ್ಟಿನಲ್ಲಿ ಜಾಮೀನು ಕೇಳಬೇಕಾಗಬಹುದು.

ತೂಕದಲ್ಲಿ ಇನ್ನೊಂದು ತೊಡಕಿದೆ. ಮೈದಾ, ಗ್ಲುಕೋಸ್ ಏನೇ ಬೆರೆಸಿದ್ದರೂ ಪೂರ್ತಿ ಮಿಶ್ರಣದ ತೂಕವೇ ಲೆಕ್ಕ ಎಂದು ಸುಪ್ರೀಂ ಕೋರ್ಟ್ 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿತು. ಕಲಬೆರಕೆ ಹೆಚ್ಚಿದಷ್ಟೂ ಸೇದುವವನ ಶಿಕ್ಷೆ ಹೆಚ್ಚು. ನನಗೆ ಇದು ನ್ಯಾಯವೆಂದು ಕಾಣುವುದಿಲ್ಲ, ಆದರೆ ಇವತ್ತಿನ ಕಾನೂನು ಅದೇ.

ನಿಮ್ಮ ವಿಷಯಕ್ಕೆ ಬಂದರೆ, ಜಾಗ ನಿಮ್ಮ ವಶದಲ್ಲಿದ್ದು, ತಿಳಿದೂ ಅದನ್ನು ಇದಕ್ಕೆ ಬಳಸಲು ಬಿಟ್ಟರೆ 25ನೇ ಕಲಮು ನಿಮ್ಮನ್ನೂ ಹಿಡಿಯುತ್ತದೆ. ಬಾಡಿಗೆ ಕರಾರು ನಿಮ್ಮ ಹೆಸರಲ್ಲಿದ್ದರೆ ಇನ್ನೂ ಹುಷಾರಾಗಿರಿ. ಮಾಲು ಎಲ್ಲರೂ ಬಳಸುವ ಹಾಲ್ ಕೋಣೆಯ ಕಪಾಟಿನಲ್ಲಿ ಸಿಕ್ಕಿತೋ, ಅವನ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಎಂಬುದರ ಮೇಲೆ ನಾಲ್ವರ ಭವಿಷ್ಯ ನಿಂತಿರುತ್ತದೆ. ಅವನಿಗೆ ಹೊರಗೆ ಹೋಗು ಎನ್ನಿ, ಇಲ್ಲವೇ ನೀವು ಹೊರಡಿ. ಪೊಲೀಸರು ಬಂದೇಬಿಟ್ಟರೆ: ಮೈ ತಪಾಸಣೆಗೆ ಮುನ್ನ ಮ್ಯಾಜಿಸ್ಟ್ರೇಟ್ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಆಗಲಿ ಎಂದು ಕೇಳುವ ಹಕ್ಕು 50ನೇ ಕಲಮಿನಲ್ಲಿದೆ. ಅದು ಮೈಗೆ ಮಾತ್ರ, ಬ್ಯಾಗಿಗೆ ಅನ್ವಯಿಸುವುದಿಲ್ಲ. ಪಂಚನಾಮೆ ಓದದೆ, ಖಾಲಿ ಹಾಳೆಗೆ, ತಿಳಿಯದ ಮರಾಠಿಗೆ ಸಹಿ ಹಾಕಬೇಡಿ. ತೂಕ ಮಾಡುವಾಗ ಪ್ಲಾಸ್ಟಿಕ್ ಚೀಲ ಸೇರಿದೆಯೇ ನೋಡಿ.

ರೂಮ್‌ಮೇಟಿಗೆ ಒಂದು ಮಾತು. ನಿಜವಾಗಿ ವ್ಯಸನಿಯಾಗಿದ್ದು, ಅಲ್ಪ ಪ್ರಮಾಣದ ಅಥವಾ 27ನೇ ಕಲಮಿನ ಆರೋಪ ಬಂದಾಗ ಸ್ವಇಚ್ಛೆಯಿಂದ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, 64ಎ ಕಲಮಿನ ಪ್ರಕಾರ ಮೊಕದ್ದಮೆಯಿಂದ ವಿನಾಯಿತಿ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗುತ್ತದೆ. ಈ ಬಾಗಿಲು ತಟ್ಟುವವರು ಬಹಳ ಕಡಿಮೆ, ಏಕೆಂದರೆ ಬಂಧಿತರಿಗೆ ಇದನ್ನು ಹೇಳುವವರೇ ಇಲ್ಲ. ಇನ್ನೊಂದು ವಿಚಿತ್ರ: ವಿನಾಯಿತಿ ವ್ಯಸನಿಗೆ ಮಾತ್ರ. ಅಂಜುನಾ ಬೀಚಿನಲ್ಲಿ ಒಂದೇ ಸಲ ಸೇದಿ ಸಿಕ್ಕಿಬಿದ್ದವನಿಗೆ ಇಲ್ಲ.

ಪ್ರಶ್ನೆ: ತಮ್ಮ ಎಂ.ಡಿ. ಮೂಗಿನಿಂದ ಎಳೆಯುತ್ತಿದ್ದ. ಬಿಟ್ಟು ಐದು ದಿನ. ಟರ್ಕಿ ಏನೂ ಬರಲಿಲ್ಲ, ಬರೀ ಮಲಗುತ್ತಾನೆ. ಗೆದ್ದಂತೆಯೇ? (ಅಕ್ಕ, ಮೀರಾ ರೋಡ್)

ವೈದ್ಯರು: ಇನ್ನೂ ಇಲ್ಲ. ಎಂ.ಡಿ., ಅಂದರೆ ಮೆಫೆಡ್ರೋನ್, ಎಚ್ಚರ ಹೆಚ್ಚಿಸುವ ಜಾತಿಯದು. ಬಿಟ್ಟಾಗ ಭೇದಿ ನಡುಕಗಳಿಲ್ಲ, ಮೊದಲ ದಿನಗಳಲ್ಲಿ ನಿದ್ದೆ ಮತ್ತು ಹಸಿವು. ಅದು ಕಳೆದ ಮೇಲೆ ಮನಸ್ಸು ಬರಿದಾಗುತ್ತದೆ, ಯಾವುದರಲ್ಲೂ ರುಚಿಯಿಲ್ಲ, ಸಾಯುವ ಮಾತು ಬರಬಹುದು. ಈಗಿನಿಂದ ಎರಡು ಮೂರು ವಾರ ಅವನನ್ನು ಒಂಟಿಯಾಗಿ ಬಿಡಬೇಡಿ. ಬ್ರೌನ್ ಶುಗರಿಗೆ ಇರುವಂತೆ ಇದಕ್ಕೆ ಬದಲಿ ಮಾತ್ರೆ ಇಲ್ಲ. ಯಾರಾದರೂ ಕೊಡುತ್ತೇನೆಂದರೆ ನಂಬಬೇಡಿ. ವಾರಕ್ಕೊಮ್ಮೆಯಾದರೂ ಆಪ್ತಸಮಾಲೋಚನೆ, ಕೈಯಲ್ಲಿ ನಗದು ಇಲ್ಲದಂತೆ ನೋಡುವುದು, ಫೋನಿನಿಂದ ಮಾರುವವನ ನಂಬರ್ ತೆಗೆಸುವುದು, ಸಂಬಳದ ದಿನ ಮತ್ತು ಶನಿವಾರ ರಾತ್ರಿ ಜೊತೆಗಿರುವುದು: ಕೆಲಸಕ್ಕೆ ಬರುವುದು ಇಂಥವು. ಎದೆನೋವು ಬಂದರೆ ವಯಸ್ಸು ಇಪ್ಪತ್ತೆಂದು ಅಸಡ್ಡೆ ಮಾಡದೆ ಇಸಿಜಿ ತೆಗೆಸಿ. ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ ವಾರ ಕಳೆದರೂ ಹೋಗದಿದ್ದರೆ ಮನೋವೈದ್ಯರ ಔಷಧಿ ಬೇಕು.

ಪ್ರಶ್ನೆ: ನಾವು ಬಾಗಲಕೋಟಿ ಕಡೆಯವ್ರು, ಇಲ್ಲಿ ಗಿಲಾಯಿ ಕೆಲಸ. ನಮ್ಮ ಭಾವನ್ನ ಕುಡಿಯೋದು ಬಿಡಸ್ತೀವಿ ಅಂತ ಒಂದು ಕೇಂದ್ರದವರು ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋದ್ರು. ಎರಡು ತಿಂಗಳಾತು, ಫೋನೂ ಕೊಡವಲ್ರು, ಭೇಟಿಗೂ ಬಿಡವಲ್ರು. ತಿಂಗಳ ರೊಕ್ಕ ಮಾತ್ರ ತಪ್ಪದ ಕೇಳ್ತಾರ. ಇದು ಕಾಯ್ದೇಶೀರ ಏನ್ರಿ? (ಝುವಾರಿನಗರ, ಗೋವಾ)

ವಕೀಲರು: ಅಲ್ಲ. ಕುಡಿತ, ನಶೆಯಿಂದಾದ ಮಾನಸಿಕ ಸ್ಥಿತಿಗಳೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೊಳಗೆ ಬರುತ್ತವೆ, ಅಂಥವರನ್ನು ಇಟ್ಟುಕೊಳ್ಳುವ ಕೇಂದ್ರ ನೋಂದಣಿ ಮಾಡಿಸಿರಬೇಕು. ತಾನಾಗಿ ಸೇರಿದವನು ಹೋಗುತ್ತೇನೆಂದರೆ ಬಿಡಬೇಕು, ತಪಾಸಣೆಗೆಂದು ಹೆಚ್ಚೆಂದರೆ 24 ಗಂಟೆ ತಡೆಯಬಹುದು. ಒಪ್ಪದವನನ್ನು ಸೇರಿಸಬೇಕಾದರೆ ಅವನ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ ಅಗತ್ಯವೆನ್ನಬೇಕು. ಅದೂ 30 ದಿನಕ್ಕೆ ಮಾತ್ರ, ಏಳು ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ಅರವತ್ತು ದಿನ ಯಾರಿಗೂ ತೋರಿಸದೆ ಇಟ್ಟರೆ ಅದು ಅಕ್ರಮ ಬಂಧನ, ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮು.

ಮಾಡಬೇಕಾದ್ದು: ಅಕ್ಕನ ಸಹಿಯಲ್ಲಿ ಬರಹದ ಪತ್ರ ಕೊಟ್ಟು ಭೇಟಿ ಮತ್ತು ಬಿಡುಗಡೆ ಕೇಳಿ, ಪ್ರತಿಗೆ ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ನೋಂದಾಯಿತ ಅಂಚೆ. ಹಣ ಕೊಟ್ಟ ಯುಪಿಐ ದಾಖಲೆ ತೆಗೆದಿಡಿ. ಜೊತೆಗೇ ಕೇಂದ್ರವಿರುವ ಜಾಗದ ಠಾಣೆಗೂ ಪರಿಶೀಲನಾ ಮಂಡಳಿಗೂ ದೂರು. ಉಚಿತ ಕಾನೂನು ನೆರವಿಗೆ 15100. ಅಲ್ಲಿಗೂ ಆಗದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ.

ವೈದ್ಯರು: ಸೇರಿಸುವ ಮೊದಲು ಕೇಳಬೇಕಾದ್ದು ನಾಲ್ಕೇ. ನೋಂದಣಿ ಪತ್ರ ಎಲ್ಲಿ? ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ರಾತ್ರಿ ನರ್ಸ್ ಯಾರು? ಮೊದಲ ನಾಲ್ಕು ದಿನ ಯಾವ ಔಷಧಿ ಕೊಡುತ್ತೀರಿ? 'ನಮ್ಮಲ್ಲಿ ಔಷಧಿಯೇ ಇಲ್ಲ, ಯೋಗ, ಶಿಸ್ತು ಮಾತ್ರ' ಎಂದರೆ ಭಾರೀ ಕುಡಿತದವರನ್ನು ಅಲ್ಲಿ ಬಿಡಬೇಡಿ. ಗೋವಾದಲ್ಲಿರುವವರಿಗೆ ಬಾಂಬೋಳಿಯ ಸರಕಾರಿ ಮನೋರೋಗ ಸಂಸ್ಥೆ ಐಪಿಎಚ್‌ಬಿ ಇದೆ, ಗೋವಾ ಮೆಡಿಕಲ್ ಕಾಲೇಜಿನ ಹತ್ತಿರವೇ. ಮೊದಲು ಅಲ್ಲಿಗೆ ಹೋಗಿ.

ಪ್ರಶ್ನೆ: ಕೆನಡಾ, ಜರ್ಮನಿಗಳಲ್ಲಿ ಗಾಂಜಾ ಮುಕ್ತ. ನಮ್ಮಲ್ಲಿ ಶಿವರಾತ್ರಿಗೆ ಭಂಗಿ ಕುಡಿಯುವ ದೇಶ. ಹೆಂಡ ಮಾರಬಹುದು, ಗಾಂಜಾ ಏಕೆ ಬೇಡ? ಗೋವಾದಲ್ಲಾದರೂ ಶುರು ಮಾಡಬಾರದೇ? (ಹೋಟೆಲ್ ಉದ್ಯೋಗಿ, ಮಾಪುಸಾ)

ವಕೀಲರು: 1985ಕ್ಕೆ ಮೊದಲು ಸರಕಾರಿ ಪರವಾನಗಿಯ ಅಂಗಡಿಗಳಲ್ಲೇ ಗಾಂಜಾ ಸಿಗುತ್ತಿತ್ತು. ಬ್ರಿಟಿಷರು 1893ರಲ್ಲಿ ನೇಮಿಸಿದ ಆಯೋಗವೊಂದು ಊರೂರು ಸುತ್ತಿ, ಹಿತಮಿತ ಸೇವನೆಯಿಂದ ಹೆಚ್ಚಿನ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಎಂದಿತ್ತು. ನಾವು ಸೇರಿದ 1961ರ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದವೂ ಎಲೆಯನ್ನು ಹೊರಗಿಟ್ಟಿತ್ತು. ಹಾಗಾಗಿ ಹೂ ಮತ್ತು ರಾಳ ಇಲ್ಲದ ಭಂಗಿ ಎಲೆ ಎನ್‌ಡಿಪಿಎಸ್‌ನಲ್ಲಿ ಇಲ್ಲ, ಅದು ರಾಜ್ಯಗಳ ವಿಷಯ. ಮಹಾರಾಷ್ಟ್ರದಲ್ಲಿ ಪರವಾನಗಿ ಇಲ್ಲದ ಭಂಗಿ ಮದ್ಯನಿಷೇಧ ಕಾಯ್ದೆಯಡಿ ಅಪರಾಧ, ಶಿವರಾತ್ರಿಯಾದರೂ ಅಷ್ಟೇ. ಉತ್ತರಾಖಂಡ 2018ರಿಂದ ನಾರು ತೆಗೆಯಲೆಂದು ಈ ಗಿಡ ಬೆಳೆಯಲು ಬಿಟ್ಟಿದೆ, ಅದರಲ್ಲಿ ನಶೆ ಬರಿಸುವ ಅಂಶವಾದ ಟಿಎಚ್‌ಸಿ 0.3 ಶೇಕಡಾ ಮೀರಬಾರದು. ಗೋವಾದಲ್ಲಿ 2020ರ ಕೊನೆಗೆ ಔಷಧಕ್ಕಾಗಿ ಬೆಳೆಯುವ ಪ್ರಸ್ತಾಪವೊಂದು ಕಾನೂನು ಇಲಾಖೆಯವರೆಗೂ ಹೋಗಿ, ಗದ್ದಲವಾಗಿ, ಅಲ್ಲೇ ನಿಂತಿತು.

ನನ್ನ ಅಭಿಪ್ರಾಯ: ಸ್ವಂತಕ್ಕೆ ಇಟ್ಟುಕೊಂಡವನನ್ನು ಜೈಲಿಗೆ ಹಾಕುವುದು ನಿಲ್ಲಬೇಕು, ಗಾಂಜಾ ಒಂದನ್ನಾದರೂ ಪರವಾನಗಿ ಅಂಗಡಿಗೆ ತರಬೇಕು. ಈಗ ಕೊಳ್ಳುವವನಿಗೆ ಏನು ಬೆರೆಸಿದೆಯೆಂದು ಗೊತ್ತಿಲ್ಲ, ಮಾರುವವನು ಹದಿನಾರರ ಹುಡುಗನ ವಯಸ್ಸು ಕೇಳುವುದಿಲ್ಲ. ಅಂಗಡಿಯಾದರೆ ಚೀಟಿ ಅಂಟಿಸಬಹುದು, ಮಿತಿ ಹಾಕಬಹುದು. ಕೆನಡಾದಲ್ಲಿ ತಿನ್ನುವ ಗಾಂಜಾದ ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಮೀರುವಂತಿಲ್ಲ. ಕಳ್ಳಮಾರುಕಟ್ಟೆಗೆ ಅಂಥ ಮಿತಿ ಹಾಕುವವರು ಯಾರು?

ವೈದ್ಯರು: ಜೈಲು ಬೇಡವೆನ್ನುವ ತನಕ ನಾನೂ ವಕೀಲರ ಜೊತೆ. ಅಂಗಡಿಯ ಮಾತಿನಲ್ಲಿ ಇಲ್ಲ. ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ನೋಡಿ: 10ರಿಂದ 75 ವಯಸ್ಸಿನವರಲ್ಲಿ ಮದ್ಯ ಸೇವಿಸುವವರು 14.6 ಶೇಕಡಾ, ಭಂಗಿ ಗಾಂಜಾ ಚರಸ್ ಎಲ್ಲ ಸೇರಿ 2.8 ಶೇಕಡಾ. ಈ ಅಂತರಕ್ಕೆ ಬೀದಿಬೀದಿಯ ವೈನ್‌ಶಾಪೂ ಒಂದು ಕಾರಣ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 'ಹೆಂಡ ಮಾರುತ್ತಾರಲ್ಲ' ಎಂಬುದು ಗಾಂಜಾ ಪರವಾದ ವಾದವಲ್ಲ, ಹೆಂಡವನ್ನು ನಾವು ಹೇಗೆ ಮಾರುತ್ತಿದ್ದೇವೆಂಬುದರ ಮೇಲಿನ ದೂರು.

ಮಹಾರಾಷ್ಟ್ರದ್ದೇ ಉದಾಹರಣೆ ಸಾಕು. 1949ರ ಮದ್ಯನಿಷೇಧ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಕುಡಿಯಲು ಪರ್ಮಿಟ್ ಬೇಕು. ವಿಸ್ಕಿಗೆ 25 ವರ್ಷ, ಬಿಯರಿಗೆ 21. ವಿದೇಶಿ ಮಾದರಿ ಮದ್ಯಕ್ಕೆ ಒಂದು ದಿನದ ಪರ್ಮಿಟ್ ಐದು ರೂಪಾಯಿ, ಆಜೀವ ಪರ್ಮಿಟ್ ಸಾವಿರ. ಬಾರಿನಲ್ಲಿ ಕೂತವರನ್ನು ಕೇಳಿ ನೋಡಿ, ಹತ್ತರಲ್ಲಿ ಎಷ್ಟು ಜನ ಆ ಚೀಟಿ ಕಂಡಿದ್ದಾರೆಂದು. ನಿಯಮ ಬರೆದರೆ ಸಾಲದು, ನೋಡುವವರು ಬೇಕು. ಅಂಗಡಿ ಬಂದರೆ ಕಳ್ಳಮಾರುಕಟ್ಟೆ ಸಾಯುತ್ತದೆ ಎಂಬುದೂ ಅಷ್ಟು ಸರಳವಲ್ಲ. 2015ರ ಜೂನಿನಲ್ಲಿ ಮಾಲ್ವಣಿಯಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಮುಂಬೈಯಲ್ಲಿ ಕಾಯ್ದೆಬದ್ಧ ಮದ್ಯಕ್ಕೇನೂ ಬರವಿರಲಿಲ್ಲ, ಸತ್ತವರ ಜೇಬಿಗೆ ಅದರ ಬೆಲೆ ನಿಲುಕುತ್ತಿರಲಿಲ್ಲ.

ಹೊರದೇಶದ ಪಾಠವೂ ಒಂದೇ ದಿಕ್ಕಿನದಲ್ಲ. ಪೋರ್ಚುಗಲ್ 2001ರಲ್ಲಿ ಹತ್ತು ದಿನದ ಸ್ವಂತ ಬಳಕೆಯಷ್ಟು ಇಟ್ಟುಕೊಳ್ಳುವುದನ್ನು ಜೈಲಿನಿಂದ ತೆಗೆಯಿತು. ಮಾರಾಟ ಅಪರಾಧವಾಗಿಯೇ ಉಳಿಯಿತು. ಸಿಕ್ಕಿಬಿದ್ದವನನ್ನು ಮೂವರ ಸಮಿತಿಯ ಮುಂದೆ ಕಳಿಸಿ, ಚಿಕಿತ್ಸೆಗೆ ಹಣವನ್ನೂ ಜನರನ್ನೂ ಮೊದಲೇ ಒದಗಿಸಿತ್ತು. ಅಮೆರಿಕದ ಒರೆಗಾನ್ 2021ರ ಫೆಬ್ರವರಿಯಿಂದ ಅದನ್ನೇ ಮಾಡಹೊರಟಿತು: ನೂರು ಡಾಲರ್ ದಂಡ, ಸಹಾಯವಾಣಿಗೆ ಫೋನ್ ಮಾಡಿದರೆ ಅದೂ ಮಾಫಿ. ಫೋನ್ ಮಾಡಿದವರು ತೀರಾ ಕಡಿಮೆ, ಚಿಕಿತ್ಸೆಯ ಹಣ ತಡವಾಗಿ ಬಂತು, ಹೆರಾಯಿನ್ನಿಗಿಂತ ಬಲವಾದ ಫೆಂಟನಿಲ್ ಅದೇ ಹೊತ್ತಿಗೆ ನುಗ್ಗಿತು. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಅಪರಾಧವಾಯಿತು. ಥಾಯ್ಲೆಂಡ್ 2022ರಲ್ಲಿ ಗಾಂಜಾ ಬಿಟ್ಟು, ಅಂಗಡಿಗಳು ಸಾವಿರಗಟ್ಟಲೆ ಎದ್ದ ಮೇಲೆ 2025ರಲ್ಲಿ ವೈದ್ಯರ ಚೀಟಿ ಬೇಕೆಂದು ಹಿಂದೆ ಸರಿಯಿತು. ಪ್ರವಾಸೋದ್ಯಮ ನೆಚ್ಚಿದ ಗೋವಾದವರು ನೋಡಬೇಕಾದ್ದು ಜರ್ಮನಿಯನ್ನಲ್ಲ, ಥಾಯ್ಲೆಂಡನ್ನು.

ಹಾಗಾಗಿ ಮೊದಲು ಪ್ರತಿ ತಾಲೂಕಿನಲ್ಲಿ ಬ್ಯುಪ್ರೆನಾರ್ಫಿನ್ ಸಿಗುವ ಒಪಿಡಿ ತೆರೆಯಲಿ, 64ಎ ಕಲಮು ಠಾಣೆಯ ಗೋಡೆಯ ಮೇಲೆ ಕನ್ನಡ, ಮರಾಠಿ, ಕೊಂಕಣಿಯಲ್ಲಿ ಬರಲಿ. ಅಂಗಡಿಯ ಮಾತು ಆಮೇಲೆ.

ಪ್ರಶ್ನೆ: ತಾಯಿ ದಿನಕ್ಕೆ ನಾಲ್ಕೈದು ಸಲ ಮಿಶ್ರಿ ಉಜ್ಜುತ್ತಾರೆ. ಇದೂ ವ್ಯಸನವೇ? (ಪಿಂಪ್ರಿ)

ವೈದ್ಯರು: ಹೌದು, ಸುಟ್ಟ ತಂಬಾಕೇ ಅದು. 2 ಮಿಲಿಗ್ರಾಂ ನಿಕೋಟಿನ್ ಗಮ್ ಚೀಟಿಯಿಲ್ಲದೆ ಸಿಗುತ್ತದೆ. ಚೂಯಿಂಗ್ ಗಮ್ಮಿನಂತೆ ಜಗಿದರೆ ಬಿಕ್ಕಳಿಕೆ, ಎದೆಯುರಿ ಬಂದು ಎರಡೇ ದಿನಕ್ಕೆ ಬಿಸಾಡುತ್ತಾರೆ. ನಿಧಾನ ಜಗಿದು, ಖಾರ ಹತ್ತಿದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಹದಿನೈದು ನಿಮಿಷ ಮೊದಲಿಂದ ಚಹಾ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಕಲೆ ಎರಡು ವಾರ ಉಳಿದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ತಂಬಾಕು ಬಿಡಿಸುವ ಸಹಾಯವಾಣಿ 1800-112-356.

ಪ್ರಶ್ನೆ: ದುಬೈ ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ವಾರ ಮೂತ್ರ ಪರೀಕ್ಷೆ. ಗಸಗಸೆ ಪಾಯಸ ತಿಂದರೆ ನಶೆ ಎಂದು ಬರುತ್ತದಂತೆ, ಹೌದೇ? ಅಮ್ಮ ಮಸಾಲೆ ಜೊತೆ ಗಸಗಸೆಯನ್ನೂ ಕಟ್ಟಿಕೊಡುತ್ತಿದ್ದಾರೆ. (ಕಾಂದಿವಲಿ)

ವೈದ್ಯರು: ಬರಬಹುದು. ಗಸಗಸೆಯಲ್ಲಿ ನಶೆಯಿಲ್ಲ. ಆದರೆ ಅಫೀಮಿನ ಕಾಯಿಯೊಳಗಿನ ಬೀಜವಾದ್ದರಿಂದ ಮೇಲೆ ಮಾರ್ಫಿನ್ ಅಂಟಿಕೊಂಡಿರುತ್ತದೆ. ಪಾಯಸಕ್ಕೆ ಗಸಗಸೆ ಧಾರಾಳವಾಗಿ ಬೀಳುತ್ತದೆ, 300 ನ್ಯಾನೋಗ್ರಾಂನಲ್ಲೇ ಪಾಸಿಟಿವ್ ಎನ್ನುವ ಅಗ್ಗದ ಪರೀಕ್ಷಾ ಸ್ಟ್ರಿಪ್ಪಿನಲ್ಲಿ ಅದು ತೋರಬಹುದು. ಪರೀಕ್ಷೆಗೆ ನಾಲ್ಕು ದಿನ ಮೊದಲಿಂದ ಪಾಯಸ, ಗಸಗಸೆ ಹಾಕಿದ ಕುರ್ಮಾ ಬಿಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ಆದರೂ ಪಾಸಿಟಿವ್ ಬಂದರೆ ಜಗಳ ಮಾಡದೆ ಜಿಸಿ-ಎಂಎಸ್ ದೃಢೀಕರಣ ಪರೀಕ್ಷೆ ಕೇಳಿ. 6-ಎಂಎಎಂ ಎಂಬ ಅಂಶ ಹೆರಾಯಿನ್ ಸೇವಿಸಿದವರಲ್ಲಿ ಮಾತ್ರ ಕಾಣುತ್ತದೆ, ಪಾಯಸ ತಿಂದವರಲ್ಲಿ ಇಲ್ಲ.

ವಕೀಲರು: ಇಲ್ಲಿ ಗಸಗಸೆ ಕಿರಾಣಿ ಸಾಮಾನು, ಯುಎಇಯಲ್ಲಿ ನಿಷಿದ್ಧ ವಸ್ತು. ಬಿಡಿಯಾಗಿ ಮಾತ್ರವಲ್ಲ, ಅಮ್ಮ ಅರೆದ ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಒಯ್ಯಬೇಡಿ. ಬೆನ್ನುನೋವಿಗೆಂದು ಟ್ರಮಡಾಲ್ ಇಟ್ಟುಕೊಂಡಿದ್ದರೆ ಅದಕ್ಕೂ ಅಲ್ಲಿನ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಪಕ್ಕದ ಮನೆಯವರು ತಮ್ಮ ಮಗನಿಗೆಂದು ಕೊಡುವ ಪೊಟ್ಟಣವನ್ನು ಅವರ ಮುಂದೆಯೇ ಬಿಚ್ಚಿ ನೋಡಿ, ಬಿಚ್ಚಲು ಬಿಡದಿದ್ದರೆ ಅಲ್ಲೇ ಬಿಟ್ಟು ಹೊರಡಿ.